ದೊಡ್ಡಪ್ಪನ ಕೈಗೆ ಮಿಷನ್ ಕೊಡುವ ಮುನ್ನ: ಹಿರಿಯರ ಯಂತ್ರಪ್ರಸಂಗಗಳು ನಗುವಿನಲ್ಲೇ ಮುಗಿಯಲು ಮನೆಯವರು ಮಾಡಬೇಕಾದದ್ದು

ಹೋದ ವರ್ಷದ ಆಯುಧಪೂಜೆಯಂದು ನಮ್ಮ ದೊಡ್ಡಪ್ಪನವರು ಪವರ್ ಟಿಲ್ಲರಿಗೆ (ಹಿಡಿಕೆ ಹಿಡಿದು ಹಿಂದೆ ನಡೆಯುತ್ತಾ ಉಳುವ ಯಂತ್ರಕ್ಕೆ) ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಎರಡೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟು, ಎಂಜಿನ್ ಚಾಲೂ ಮಾಡಿ ಕ್ಲಚ್ ಬಿಟ್ಟರು. ಗೇರು ರಿವರ್ಸಿನಲ್ಲಿತ್ತು. ನಿಂಬೆಹಣ್ಣುಗಳು ಇದ್ದಲ್ಲಿಯೇ ಉಳಿದವು. ಟಿಲ್ಲರು ಹಿಂದಕ್ಕೆ ನುಗ್ಗಿತು, ಹಿಡಿಕೆ ಎದೆಯೆತ್ತರಕ್ಕೆ ಎದ್ದಿತು, ದೊಡ್ಡಪ್ಪನವರು ಪಕ್ಕಕ್ಕೆ ಜಿಗಿದರು (76ನೇ ವಯಸ್ಸಿನಲ್ಲಿ ಅದನ್ನು ಜಿಗಿತವೆನ್ನಬಹುದಾದರೆ), ಹಿಡಿಕೆ ತುಳಸಿಕಟ್ಟೆಯ ಮೂಲೆಗೆ ಗುದ್ದಿ ಎಂಜಿನ್ ನಿಂತುಹೋಯಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ದೊಡ್ಡಮ್ಮ, “ದೃಷ್ಟಿ ತೆಗೀತೀನಿ ಅಂತ ಹೋಗಿ ಕಟ್ಟೇನೇ ತೆಗೆದ್ರಲ್ಲ!” ಎಂದರು. ಆ ಮಾತಿಗೆ ಎಲ್ಲರೂ ನಕ್ಕೆವು. ರಾತ್ರಿ ಮಲಗಿದಾಗ ಮಾತ್ರ, ಅವರು ಪಕ್ಕಕ್ಕೆ ಸರಿಯದೆ ಕಟ್ಟೆಗೂ ಹಿಡಿಕೆಗೂ ನಡುವೆ ಸಿಕ್ಕಿದ್ದರೆ ಏನಾಗುತ್ತಿತ್ತೆಂಬ ಲೆಕ್ಕ ಹಾಕುತ್ತಾ ನನಗೆ ನಿದ್ದೆ ಬರಲಿಲ್ಲ.

ಬೆಂಗಳೂರಿನಲ್ಲಿ ಇಂಥ ಮನೆಗಳು ಬಹಳ ಇವೆ. ನಿವೃತ್ತಿಯ ಹಣದಲ್ಲಿ ನೆಲಮಂಗಲದಾಚೆಯೋ ಕನಕಪುರ ರಸ್ತೆಯ ಕಡೆಯೋ ಇಪ್ಪತ್ತು ಮೂವತ್ತು ಗುಂಟೆ ಕೊಂಡವರು, ಜಯನಗರದ ಹಳೆಯ ಮನೆಯ ಹಿತ್ತಲಿನಲ್ಲಿ ಹುಲ್ಲುಹಾಸು ಬೆಳೆಸಿದವರು, ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ “ಸುಮ್ಮನೆ ನೋಡಿಕೊಂಡು ಬರುತ್ತೇನೆ” ಎಂದು ಹೋಗಿ ಕಾರಿನ ಡಿಕ್ಕಿಯಲ್ಲಿ ಒಂದು ಯಂತ್ರದೊಂದಿಗೆ ಮರಳುವವರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರಿಂದ ಯಂತ್ರವನ್ನು ಕಿತ್ತುಕೊಳ್ಳುವುದು ನನ್ನ ಸಲಹೆಯಲ್ಲ. ಕಿತ್ತುಕೊಂಡರೆ ಅವರು ನಾವಿಲ್ಲದ ಹೊತ್ತು ನೋಡಿ ಅದನ್ನೇ ಹಿಡಿಯುತ್ತಾರೆ, ಮತ್ತು ಆಗ ಹತ್ತಿರದಲ್ಲಿ ಯಾರೂ ಇರುವುದಿಲ್ಲ. ನಾಲ್ಕು ವರ್ಷ ದೊಡ್ಡಪ್ಪ, ಸೋದರಮಾವ, ಅತ್ತೆ ಈ ಮೂವರ ಯಂತ್ರಾವಾಂತರಗಳನ್ನು ರಿಪೇರಿ ಮಾಡಿಸಿದ ಅನುಭವದಿಂದ ಈ ಕ್ರಮವನ್ನು ಬರೆದಿದ್ದೇನೆ.

ಮೊದಲ ಹಂತ: ತಪ್ಪಿನ ಹಿಂದಿನ ಹಳೆಯ ಅಭ್ಯಾಸವನ್ನು ಪತ್ತೆಹಚ್ಚಿ

ಹಿರಿಯರಿಗೆ ಯಂತ್ರ ಗೊತ್ತಿಲ್ಲದಿರುವುದರಿಂದ ಅವಘಡಗಳಾಗುತ್ತವೆ ಎಂದು ನಾವು ತಿಳಿಯುತ್ತೇವೆ. ನಾನು ಕಂಡಂತೆ, ಅವರಿಗೆ ಬೇರೊಂದು ಯಂತ್ರವೋ ಪ್ರಾಣಿಯೋ ಬಹಳ ಚೆನ್ನಾಗಿ ಗೊತ್ತಿರುತ್ತದೆ ಮತ್ತು ಆ ತಿಳಿವಳಿಕೆ ಹೊಸ ಯಂತ್ರದ ಮೇಲೆ ತಾನಾಗಿ ಸವಾರಿ ಮಾಡುತ್ತದೆ.

ಸೋದರಮಾವನವರ ಪ್ರಸಂಗವನ್ನೇ ನೋಡಿ. ಅವರು ಇಪ್ಪತ್ತೈದು ವರ್ಷ ಸ್ಕೂಟರಿನಲ್ಲಿ ಕಚೇರಿಗೆ ಹೋದವರು. ಬೆಳಿಗ್ಗೆ ಸ್ಕೂಟರು ಹಟ ಹಿಡಿದರೆ ಅದನ್ನು ಎಡಕ್ಕೆ ಚೆನ್ನಾಗಿ ವಾಲಿಸಿ, ಎತ್ತಿ, ಕಿಕ್ ಹೊಡೆಯುವುದು ಅವರ ಮೈಗೆ ಹತ್ತಿದ ವಿದ್ಯೆ. ಒಂದು ಭಾನುವಾರ ಹುಲ್ಲು ಕತ್ತರಿಸುವ ಪೆಟ್ರೋಲ್ ಮಿಷನ್ ಚಾಲೂ ಆಗದಿದ್ದಾಗ ಅದನ್ನೂ ಎಡಕ್ಕೆ ವಾಲಿಸಿದರು, ಸಾಲದೆಂದು ಅರ್ಧ ನಿಮಿಷ ಹಾಗೆಯೇ ಹಿಡಿದಿದ್ದರು. ನಾಲ್ಕು ಸ್ಟ್ರೋಕಿನ ಎಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಬೇರೆಯಾಗಿ ನಿಂತಿರುತ್ತದೆ. ಏರ್ ಫಿಲ್ಟರು, ಕಾರ್ಬುರೇಟರು ಇರುವ ಮಗ್ಗುಲನ್ನು ಕೆಳಗೆ ಮಾಡಿ ವಾಲಿಸಿದರೆ ಆ ಆಯಿಲ್ ಅವುಗಳೊಳಗೂ ಸಿಲಿಂಡರಿನೊಳಗೂ ಇಳಿಯುತ್ತದೆ. ಮಾವನವರು ಹಗ್ಗ ಎಳೆದರು, ಎಂಜಿನ್ ಹತ್ತಿಕೊಂಡಿತು, ಮರುಕ್ಷಣವೇ ಬಿಳಿಯ ಹೊಗೆ ಕಾಂಪೌಂಡು ದಾಟಿ ರಸ್ತೆಗೆ ಹರಿಯಿತು. ಎದುರು ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು, ಪಕ್ಕದ ಮನೆಯ ಮುದುಕರೊಬ್ಬರು ಕಾರ್ಪೊರೇಷನ್ನಿನವರು ಸೊಳ್ಳೆಗೆ ಹೊಗೆ ಬಿಡುತ್ತಿದ್ದಾರೆಂದು ತಿಳಿದು ಕಿಟಕಿಗಳನ್ನು ಮುಚ್ಚಿಕೊಂಡರು. ಹೊಗೆಯ ನಡುವಿನಿಂದ ಮಾವನವರ ದನಿ ಮಾತ್ರ ಕೇಳಿಸುತ್ತಿತ್ತು: “ಏನಿಲ್ಲ, ಚಾಲೂ ಆಯ್ತು, ಚಾಲೂ ಆಯ್ತು!”

ಇದಕ್ಕೆ ಪರಿಹಾರ ಸುಲಭ. ಯಂತ್ರವನ್ನು ಆರಿಸಿ, ಆರಲು ಬಿಟ್ಟು, ಸ್ಪಾರ್ಕ್ ಪ್ಲಗ್ ಬಿಚ್ಚಿ ಹಗ್ಗವನ್ನು ಏಳೆಂಟು ಸಲ ಎಳೆದರೆ ಸಿಲಿಂಡರಿನಲ್ಲಿರುವ ಆಯಿಲ್ ಹೊರಬರುತ್ತದೆ. ಫಿಲ್ಟರನ್ನು ಒರೆಸಿ ಅಥವಾ ಬದಲಿಸಿ, ಆಯಿಲ್ ಮಟ್ಟ ನೋಡಿ ಮತ್ತೆ ಚಾಲೂ ಮಾಡಿದರೆ ಉಳಿದದ್ದು ಕೆಲವು ನಿಮಿಷದಲ್ಲಿ ಉರಿದುಹೋಗುತ್ತದೆ. ಆದರೆ ಇನ್ನೊಮ್ಮೆ ಹಾಗಾಗದಂತೆ ಮಾಡುವುದೇ ಮುಖ್ಯ. “ವಾಲಿಸಬೇಡಿ” ಎಂದು ಹೇಳಿ ಪ್ರಯೋಜನವಿಲ್ಲ, ಏಕೆಂದರೆ ಕೈ ಮಾತು ಕೇಳುವುದಿಲ್ಲ. ನಾನು ಏರ್ ಫಿಲ್ಟರಿನ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ “ಈ ಮಗ್ಗುಲು ಮೇಲೆ” ಎಂದು ಬರೆದೆ. ವಾಲಿಸುವ ಆಸೆಯನ್ನು ತಡೆಯಲಿಲ್ಲ, ದಿಕ್ಕನ್ನು ಮಾತ್ರ ತಿದ್ದಿದೆ. ಅಂದಿನಿಂದ ಹೊಗೆ ಬಂದಿಲ್ಲ.

ಆದ್ದರಿಂದ ನಿಮ್ಮ ಹಿರಿಯರು ಯಂತ್ರ ಹಿಡಿದ ಮೊದಲ ದಿನ ಏನನ್ನೂ ತಿದ್ದದೆ, ಎಂಜಿನ್ ಆರಿಸಿದ ಯಂತ್ರವನ್ನೇ ಅವರ ಕೈಗೆ ಕೊಟ್ಟು, ಹೇಗೆ ಹಿಡಿಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಗಾಬರಿಯಾದರೆ ಯಾವ ಕೈ ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನೆ ನೋಡಿ. ಮುಂದಿನ ಹಂತಗಳೆಲ್ಲ ಅದರ ಮೇಲೆ ನಿಂತಿವೆ.

ಎರಡನೆಯ ಹಂತ: ಕೊಳ್ಳುವ ಮುನ್ನ ಎತ್ತಿಸಿ ನೋಡಿ

ಅಂಗಡಿಯವನು ಯಂತ್ರ ಚಾಲೂ ಮಾಡಿ ತೋರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವನಿಗೆ ಮೂವತ್ತು ವರ್ಷ. ಹಗ್ಗವನ್ನು ಹಿರಿಯರೇ ಐದು ಸಲ ಎಳೆಯಲಿ, ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಲ್ಲಲಿ. ಪೆಟ್ರೋಲಿನ ಕಳೆ ಕತ್ತರಿಸುವ ಮಿಷನ್ನುಗಳು, ಅಂದರೆ ಎಲ್ಲರೂ ಬ್ರಷ್ ಕಟ್ಟರ್ ಎನ್ನುವಂಥವು, ಪೆಟ್ರೋಲ್ ತುಂಬಿದ ಮೇಲೆ ಅನೇಕ ವೇಳೆ ಏಳೆಂಟು ಕಿಲೋ ತೂಗುತ್ತವೆ. ಹಿತ್ತಲಿನ ಹುಲ್ಲಿಗೆ ಬ್ಯಾಟರಿಯ ಹಗುರ ಯಂತ್ರವೇ ಸಾಕು. ಟಿಲ್ಲರು ವರ್ಷಕ್ಕೆ ನಾಲ್ಕು ದಿನ ಮಾತ್ರ ಬೇಕಾಗುವುದಾದರೆ, ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಸಿಗುವ ಯಂತ್ರಗಳನ್ನು ಮೊದಲು ವಿಚಾರಿಸಿ. ಓಡಿಸುವವನೂ ಜೊತೆಗೆ ಬಂದರೆ ಹಿರಿಯರಿಗೆ ಬದುವಿನ ಮೇಲೆ ನಿಂತು ಅವನಿಗೆ ಬುದ್ಧಿ ಹೇಳುವ ಕೆಲಸ ಉಳಿಯುತ್ತದೆ. ನಿಜ ಹೇಳಬೇಕೆಂದರೆ ಅನೇಕರಿಗೆ ಬೇಕಾಗಿರುವುದು ಅದೇ.

ಮೂರನೆಯ ಹಂತ: ಪಂಚೆ, ಟವೆಲ್ಲು, ಮಾತ್ರೆ

ಪಂಚೆಯ ವಿಷಯದಲ್ಲಿ ನಾನು ಹಾಸ್ಯ ಮಾಡುವುದಿಲ್ಲ. ಟ್ರ್ಯಾಕ್ಟರಿನ ಹಿಂದೆ ಉಪಕರಣಗಳಿಗೆ ಶಕ್ತಿ ಕೊಡುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚು ಸಿಕ್ಕಿದರೆ “ಅಯ್ಯೋ” ಎನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಿರುಗುತ್ತಾ ಮಣ್ಣು ಅಗೆಯುವ ಟಿಲ್ಲರಿನ ರೋಟರಿ, ಮೇವು ಕತ್ತರಿಸುವ ಯಂತ್ರ, ಮುಚ್ಚಳವಿಲ್ಲದ ಬೆಲ್ಟ್ ಇವುಗಳ ಬಳಿಯೂ ಅಷ್ಟೇ. ದೊಡ್ಡಪ್ಪನವರು ಪ್ಯಾಂಟ್ ತೊಡಲು ಒಪ್ಪಲಿಲ್ಲ. ಕಚೇರಿ ಬಿಟ್ಟ ದಿನವೇ ಪ್ಯಾಂಟನ್ನೂ ಬಿಟ್ಟೆನೆಂಬುದು ಅವರ ವಾದ. ಕೊನೆಗೆ ಗಟ್ಟಿ ಬಟ್ಟೆಯ ಖಾಕಿ ಪ್ಯಾಂಟೊಂದನ್ನು ಹೊಲಿಸಿ, ಯಂತ್ರದ ಕೀಲಿಯನ್ನು ಅದರ ಜೇಬಿನಲ್ಲಿಯೇ ಇಟ್ಟು, ಕೀಲಿ ಬೇಕೆಂದರೆ ಪ್ಯಾಂಟನ್ನು ಕೈಗೆ ತೆಗೆದುಕೊಳ್ಳಲೇಬೇಕಾದ ಏರ್ಪಾಡು ಮಾಡಿದೆವು. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಸುತ್ತಿ ತುದಿ ಸಿಕ್ಕಿಸಬೇಕು. ಅತ್ತೆಯವರಂತೆ ಸೀರೆಯುಡುವವರು ಸೆರಗು ಸಿಕ್ಕಿಸುವುದು ಸಾಲದು. ಮೇಲೊಂದು ಉದ್ದ ತೋಳಿನ ಗಂಡಸರ ಶರ್ಟು, ಕೆಳಗೆ ಪೈಜಾಮ ತೊಡುವುದೇ ಸರಿ. ಚಪ್ಪಲಿಯ ಬದಲು ಮುಚ್ಚಿದ ಶೂ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗಂತೂ ಇದರಲ್ಲಿ ರಿಯಾಯಿತಿ ಇಲ್ಲ, ಅವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ.

ಕಿವಿಯ ಯಂತ್ರ ಹಾಕಿಕೊಂಡವರು ಅದನ್ನು ತೆಗೆದಿಟ್ಟು ಇಯರ್ ಮಫ್ ಹಾಕಿಕೊಳ್ಳಬೇಕು. ಆಗ ನಾವು ಕೂಗಿದ್ದು ಕೇಳುವುದಿಲ್ಲವಾದ್ದರಿಂದ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ಎರಡೂ ಕೈ ಮೇಲೆತ್ತಿದರೆ “ನಿಲ್ಲಿಸಿ” ಎಂದರ್ಥ. ದೊಡ್ಡಪ್ಪನವರು ಒಮ್ಮೆ ಅದನ್ನು ನಮಸ್ಕಾರವೆಂದು ಭಾವಿಸಿ ಯಂತ್ರದಿಂದ ಒಂದು ಕೈ ತೆಗೆದು ಆಶೀರ್ವಾದ ಮಾಡಿದರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಪೆಟ್ರೋಲ್ ಎಂಜಿನ್ನಿನ ಯಂತ್ರ ಹೊರಬಾರದು. ಬಿಪಿ ಮಾತ್ರೆ ತೆಗೆದುಕೊಂಡವರಿಗೆ ಬಗ್ಗಿ ಎದ್ದಾಗ ತಲೆ ಸುತ್ತಬಹುದು. ತಿಂಡಿ ತಿನ್ನದೆ ಯಾರೂ ಯಂತ್ರ ಮುಟ್ಟಬಾರದು.

ನಾಲ್ಕನೆಯ ಹಂತ: ಎಣ್ಣೆಯ ಅಳತೆ

ಎರಡು ಸ್ಟ್ರೋಕಿನ ಬ್ರಷ್ ಕಟ್ಟರಿಗೆ ಪೆಟ್ರೋಲಿನಲ್ಲಿ 2ಟಿ ಆಯಿಲ್ ಬೆರೆಸಬೇಕು. ಕೈಪಿಡಿಯಲ್ಲಿ 25:1 ಎಂದಿದ್ದರೆ ಲೀಟರಿಗೆ 40 ಮಿಲಿ, 50:1 ಎಂದಿದ್ದರೆ 20 ಮಿಲಿ. ಇಲ್ಲಿ ಹಿರಿಯರ ಸ್ವಭಾವ ಎರಡು ಬಗೆಯಾಗಿ ಕೆಲಸ ಮಾಡುತ್ತದೆ. ತುಪ್ಪ ಬಡಿಸುವ ಕೈಯವರು ಧಾರಾಳವಾಗಿ ಸುರಿದು ಪ್ಲಗ್ಗನ್ನು ಕರಿಗಟ್ಟಿಸುತ್ತಾರೆ. ಉಳಿತಾಯದವರು ಬರಿಯ ಪೆಟ್ರೋಲ್ ಹಾಕಿ ಪಿಸ್ಟನ್ನನ್ನೇ ಹಿಡಿಸಿಬಿಡುತ್ತಾರೆ. ಮೊದಲನೆಯ ತಪ್ಪಿಗೆ ಒಂದು ಪ್ಲಗ್ಗಿನ ಖರ್ಚು, ಎರಡನೆಯದಕ್ಕೆ ಎಂಜಿನ್ನಿನದು. ಔಷಧಿ ಅಂಗಡಿಯ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಮಿಲಿಯ ಗೆರೆಗಳಿರುತ್ತವೆ. ಅಂಥದೊಂದನ್ನು ಡಬ್ಬಕ್ಕೆ ದಾರದಿಂದ ಕಟ್ಟಿಬಿಟ್ಟರೆ ಅಳತೆ ತಪ್ಪುವುದಿಲ್ಲ. ಆದರೆ ಬೆರೆಸಿದ ಪೆಟ್ರೋಲನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಎಂದಿಗೂ ಇಡಬೇಡಿ. 2ಟಿ ಆಯಿಲಿನ ಬಣ್ಣ ಬೆರೆತ ಪೆಟ್ರೋಲ್ ಮೊಮ್ಮಕ್ಕಳ ಕಣ್ಣಿಗೆ ಶರಬತ್ತಿನಂತೆಯೇ ಕಾಣುತ್ತದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ತುಂಬಬಾರದು. ಹತ್ತು ನಿಮಿಷ ಕಾಫಿಗೆ ಹೋಗಿಬರಲಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಐದನೆಯ ಹಂತ: ಕಳೆ ಕತ್ತರಿಸುವಾಗ

ಕುಡುಗೋಲು ಹಿಡಿದು ಬೆಳೆದವರ ಎಡಗೈ ಹುಲ್ಲಿನ ಹಿಡಿಯನ್ನು ಹುಡುಕುತ್ತದೆ. ಬ್ಲೇಡು ತಿರುಗುತ್ತಿರುವಾಗಲೇ ಒಂದು ಕೈ ಬಿಟ್ಟು ಬಗ್ಗುವುದು ನಾನು ಕಂಡ ಅತ್ಯಂತ ಅಪಾಯದ ಅಭ್ಯಾಸ. ಹೆಗಲ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಎರಡೂ ಹಿಡಿಕೆಗಳು ನೇರ ನಿಂತಾಗಲೇ ಕೈಗೆ ಸಿಗುವಂತೆ ಹೊಂದಿಸಿದರೆ ಬಗ್ಗುವ ಪ್ರಮೇಯ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಬ್ಲೇಡು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವುದರಿಂದ ಬಲದಿಂದ ಎಡಕ್ಕೆ ಬೀಸಿ ಕತ್ತರಿಸಬೇಕು. ಬ್ಲೇಡಿನ ಮುಂದುಗಡೆಯ ಬಲಭಾಗ ಕಲ್ಲಿಗೋ ಕಾಂಡಕ್ಕೋ ತಾಗಿದರೆ ಯಂತ್ರ ರಪ್ಪನೆ ಪಕ್ಕಕ್ಕೆ ಒದೆಯುತ್ತದೆ. ಸುತ್ತ 15 ಮೀಟರಿನೊಳಗೆ ಯಾರೂ ನಿಲ್ಲಬಾರದು. ಕಾಫಿ ತರುವವರಿಗೂ ಈ ನಿಯಮ ಅನ್ವಯಿಸುತ್ತದೆ. ಕಣ್ಣಿಗೆ ಕನ್ನಡಕವಿದೆಯೆಂಬ ಸಬೂಬನ್ನು ಒಪ್ಪಬೇಡಿ, ಮುಖ ಮುಚ್ಚುವ ಶೀಲ್ಡ್ ಬೇರೆಯೇ ಬೇಕು.

ಬ್ಲೇಡು ಬಿಚ್ಚುವ ನಟ್ಟಿನಲ್ಲಿ ಒಂದು ಗುಟ್ಟಿದೆ. ಅದರ ಮರೆ (ತಿರುಪಿನ ಸುತ್ತು) ಸಾಮಾನ್ಯವಾಗಿ ಉಲ್ಟಾ ಇರುತ್ತದೆ. ಬಿಚ್ಚಲು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗಿಸಬೇಕು. ದೊಡ್ಡಪ್ಪನವರು ಒಂದು ಮಧ್ಯಾಹ್ನವಿಡೀ ಅದನ್ನು ಎಡಕ್ಕೆ ತಿರುಗಿಸಿ, ಪಾನಾಕ್ಕೆ ಪೈಪು ಸಿಕ್ಕಿಸಿ, ಅದರ ಮೇಲೆ ನಿಂತು, ಕೊನೆಗೆ “ಇದನ್ನು ಬಿಗಿದವನು ರಾಕ್ಷಸ ಕಣೋ” ಎಂದು ಶರಣಾದರು. ಬಿಗಿದವರು ಅವರೇ, ಅದೇ ಮಧ್ಯಾಹ್ನ.

ಹನಿ ನೀರಾವರಿಯ ಪೈಪುಗಳು ಹುಲ್ಲಿನಡಿ ಕಾಣುವುದಿಲ್ಲ. ಅವರು ಒಂದೇ ಬೆಳಿಗ್ಗೆ ಏಳು ಕಡೆ ಕತ್ತರಿಸಿ, ಸಂಜೆ ಮೋಟಾರು ಹಾಕಿದಾಗ ಏಳು ಕಾರಂಜಿಗಳು ಎದ್ದುದನ್ನು ನೋಡಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೇ ಮನೆಗೆ ಬಂತೆಂದು ದೊಡ್ಡಮ್ಮನನ್ನು ಕರೆದು ತೋರಿಸಿದರು. ಕೆಲಸಕ್ಕೆ ಮುನ್ನ ಪೈಪಿನ ಸಾಲಿನುದ್ದಕ್ಕೂ ಹಳೆಯ ಸೀರೆಯ ಚೂರು ಕಟ್ಟಿದ ಕೋಲುಗಳನ್ನು ನೆಟ್ಟು, ಅವುಗಳ ಒಂದು ಮೊಳ ಆಚೀಚೆ ಕುಡುಗೋಲಿನಲ್ಲಿಯೇ ಕೊಯ್ಯುವುದೆಂದು ಗೊತ್ತುಮಾಡಿ. ಕೈ ಮರೆಯದ ವಿದ್ಯೆಗೂ ಒಂದು ಕೆಲಸ ಸಿಕ್ಕಿದಂತಾಗುತ್ತದೆ.

ಕರೆಂಟಿನ ಹುಲ್ಲು ಮಿಷನ್ನಾದರೆ ಕತ್ತರಿಸುವುದು ಪೈಪನ್ನಲ್ಲ, ತನ್ನದೇ ವೈರನ್ನು. ಪ್ಲಗ್ಗಿನ ಹತ್ತಿರದಿಂದ ಶುರುಮಾಡಿ ದೂರಕ್ಕೆ ಸಾಗಬೇಕು, ವೈರು ಯಾವಾಗಲೂ ಬೆನ್ನ ಹಿಂದೆ ಹೆಗಲ ಮೇಲಿಂದ ಬರಬೇಕು, ಹುಲ್ಲು ಒದ್ದೆಯಿದ್ದರೆ ಮುಟ್ಟಲೇಬಾರದು. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಅತ್ತೆಯವರು ವೈರು ಕತ್ತರಿಸಿಯೂ ಇಂದು ಅದನ್ನು ನಗುತ್ತಾ ಹೇಳುತ್ತಿರುವುದು ಅದರಿಂದಲೇ. ಇನ್ನು ಬೆಳಗಿನ ಜಾವ ಐದಕ್ಕೇ ಏಳುವವರಿಗೆ ಒಂದು ಮಾತು: ಶಬ್ದದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ರಾತ್ರಿಯೇ.

ಆರನೆಯ ಹಂತ: ಟಿಲ್ಲರು ಎತ್ತಲ್ಲ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ದೊಡ್ಡಪ್ಪನವರು ಬಾಲ್ಯದಲ್ಲಿ ನೇಗಿಲು ಹಿಡಿದವರು. ಟಿಲ್ಲರು ಬದುವಿನತ್ತ ಹೊರಟಾಗ ಅವರು ಕ್ಲಚ್ ಎಳೆಯುವುದನ್ನು ಬಿಟ್ಟು “ಹೋ… ಹೋ…” ಎಂದು ಕೂಗುತ್ತಾ ಹಿಡಿಕೆಯನ್ನು ಮೂಗುದಾರದಂತೆ ಹಿಂದಕ್ಕೆ ಎಳೆದರು. ಹನ್ನೆರಡು ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿಗೆ ಕನ್ನಡ ಬರುವುದಿಲ್ಲ. ಅದು ಅವರನ್ನು ಎಳೆದುಕೊಂಡೇ ಬದು ಹತ್ತಿ, ಪಕ್ಕದವರ ಅವರೆ ಸಾಲಿನಲ್ಲಿ ಇಳಿದು, ನುಗ್ಗೆಮರಕ್ಕೆ ಮುಖ ಒತ್ತಿ ನಿಂತಿತು. ಈ ಕೂಗುವ ಅಭ್ಯಾಸವನ್ನು ತೆಗೆಯಲು ನಾನು ಹೋಗಲಿಲ್ಲ. ಎಂಜಿನ್ ಆರಿಸಿದ ಟಿಲ್ಲರಿನ ಹಿಂದೆ ಅವರನ್ನು ನಿಲ್ಲಿಸಿ, “ಹೋ” ಎನ್ನುತ್ತಲೇ ಮುಖ್ಯ ಕ್ಲಚ್ಚಿನ ಲಿವರನ್ನು ಎಳೆಯುವುದನ್ನು ದಿನಕ್ಕೆ ಮೂವತ್ತು ಸಲದಂತೆ ಒಂದು ವಾರ ಮಾಡಿಸಿದೆ. ಈಗ ಬಾಯಿ ಕೂಗಿದರೆ ಕೈ ತಾನಾಗಿ ಕ್ಲಚ್ ಹಿಡಿಯುತ್ತದೆ.

ಚಾಲೂ ಮಾಡುವ ಮುನ್ನ ಟಿಲ್ಲರನ್ನು ಕೈಯಿಂದ ಒಂದಡಿ ಮುಂದಕ್ಕೂ ಹಿಂದಕ್ಕೂ ತಳ್ಳಿ ನೋಡಬೇಕು. ಕದಲದಿದ್ದರೆ ಅದು ಗೇರಿನಲ್ಲಿದೆ ಎಂದು ತಿಳಿದು ನ್ಯೂಟ್ರಲ್ಲಿಗೆ ತರಬೇಕು. ಹಿಂದಿನ ಸಂಜೆ ಶೆಡ್ಡಿಗೆ ರಿವರ್ಸಿನಲ್ಲಿ ತಂದು ಹಾಗೆಯೇ ಬಿಟ್ಟಿದ್ದರಿಂದಲೇ ನಮ್ಮ ತುಳಸಿಕಟ್ಟೆಗೆ ಆ ಗತಿ ಬಂತು. ಹ್ಯಾಂಡಲ್ ಹಾಕಿ ತಿರುಗಿಸುವ ಎಂಜಿನ್ನಾದರೆ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಹ್ಯಾಂಡಲನ್ನು ಮುಷ್ಟಿ ಕಟ್ಟಿ ಸುತ್ತಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಹೆಬ್ಬೆರಳು. ರಿವರ್ಸಿನಲ್ಲಿ ಹಿಡಿಕೆ ಮೇಲಕ್ಕೆ ಏಳುವುದು ಯಂತ್ರದ ಸಹಜ ಗುಣ. ಆದ್ದರಿಂದ ರೋಟರಿ ತಿರುಗುವುದನ್ನು ನಿಲ್ಲಿಸಿ, ಎಂಜಿನ್ ನಿಧಾನಗೊಳಿಸಿ, ಬೆನ್ನ ಹಿಂದೆ ಗೋಡೆ, ಮರ, ಬಾವಿ ಇಲ್ಲವೆಂದು ತಿರುಗಿ ನೋಡಿದ ಮೇಲೆಯೇ ಹಿಂದಕ್ಕೆ ಬರಬೇಕು.

ಹುಷಾರಾದವರನ್ನೂ ಕೆಡಹುವ ವಿಚಾರ ಇಳಿಜಾರಿನದು. ಸಮತಟ್ಟಿನಲ್ಲಿ ಎಡಗಡೆಯ ಸ್ಟಿಯರಿಂಗ್ ಕ್ಲಚ್ ಒತ್ತಿದರೆ ಎಡಚಕ್ರಕ್ಕೆ ಶಕ್ತಿ ಕಡಿದು ಟಿಲ್ಲರು ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಳಿಯುವಾಗ ಚಕ್ರಗಳನ್ನು ಎಂಜಿನ್ ತಡೆಹಿಡಿದಿರುತ್ತದೆ. ಎಡಗಡೆಯದನ್ನು ಒತ್ತಿದರೆ ಆ ಚಕ್ರ ಬಿಡುಗಡೆಯಾಗಿ ಮುಂದಕ್ಕೆ ಓಡಿ, ಟಿಲ್ಲರು ಬಲಕ್ಕೆ ತಿರುಗುತ್ತದೆ! ಇಂಥ ಕಡೆ ಸ್ಟಿಯರಿಂಗ್ ಕ್ಲಚ್ಚನ್ನು ಮುಟ್ಟದೆ, ಕಡಿಮೆ ಗೇರಿನಲ್ಲಿ, ಹಿಡಿಕೆಯನ್ನೇ ಬಲವಾಗಿ ಪಕ್ಕಕ್ಕೆ ತಳ್ಳಿ ತಿರುಗಿಸಬೇಕು. ಆ ಬಲ ಇಲ್ಲದವರು ಇಳಿಜಾರಿಗೆ ಹೋಗಬಾರದು. ಬೆಂಗಳೂರಿನಲ್ಲಿ ಮಳೆ ಹೆಚ್ಚು ಬೀಳುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಕೆಮ್ಮಣ್ಣಿನ ಇಳಿಜಾರು ಸೋಪಿನಂತಿರುತ್ತದೆ.

ಏಳನೆಯ ಹಂತ: ಮೋಟಾರಿಗೆ ಫೋನ್ ಮಾಡುವವರಿಗೆ

ಮೊಬೈಲ್ ಸ್ಟಾರ್ಟರ್ ಹಾಕಿಸಿದ ಮೇಲೆ ಮಾವನವರು ಮನೆಯಲ್ಲಿ ಕುಳಿತೇ ಬೋರ್‌ವೆಲ್ ಮೋಟಾರಿಗೆ ಕರೆ ಮಾಡುತ್ತಾರೆ. ಫೋನಿನಲ್ಲಿ “ಮೋಟಾರ್” ಎಂಬ ಹೆಸರಿನ ಕೆಳಗೇ ಬೀಗರಾದ “ಮೋಹನರಾಯರು” ಇದ್ದುದರಿಂದ, ಬೀಗರಿಗೆ ಬೆಳಗಿನ ಜಾವ ಮೂರಕ್ಕೆ ಮಿಸ್ಡ್ ಕಾಲ್ ಹೋಗಿ, ಊರಿನಲ್ಲಿ ಯಾರಿಗೋ ಏನೋ ಆಯಿತೆಂದು ಅವರು ಗಾಬರಿಯಾದರು. ಹೆಸರನ್ನು “ಅಅ ಬಾವಿ” ಎಂದು ಬದಲಿಸಿದ್ದರಿಂದ ಅದು ಪಟ್ಟಿಯ ತಲೆಗೆ ಹೋಯಿತು. ನೀರಿಲ್ಲದಾಗ ತಾನಾಗಿ ನಿಲ್ಲುವ ಡ್ರೈ ರನ್ ರಕ್ಷಣೆ ಸ್ಟಾರ್ಟರಿನಲ್ಲಿರಲಿ. ದೂರದಿಂದ ಚಾಲೂ ಆಗುವ ಮೋಟಾರಿನ ಬಳಿ ಯಾರೇ ಕೈ ಹಾಕುವ ಮುನ್ನ ಮೇನ್ ತೆಗೆಯಲೇಬೇಕು.

ಎಂಟನೆಯ ಹಂತ: ಅವಾಂತರವಾದ ಮೇಲೆ

ಮೊದಲು ಎಂಜಿನ್ ಆರಿಸಿ, ಆಮೇಲೆ ಮನುಷ್ಯರನ್ನು ನೋಡಿ, ನಗು ಕೊನೆಗಿರಲಿ. ಹಿರಿಯರು ಬಿದ್ದರೆ ಮಾನ ಉಳಿಸಿಕೊಳ್ಳಲು ತಟ್ಟನೆ ಎದ್ದು “ಏನೂ ಆಗಿಲ್ಲ” ಎನ್ನುತ್ತಾರೆ. ಆ ಮಾತನ್ನು ನಂಬದೆ ಕೂರಿಸಿ, ತಲೆ ಮುಟ್ಟಿ, ಕೈಕಾಲು ಆಡಿಸಿ ನೋಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬಾರದು, ಕೀಳಬಾರದು. ಆಂಬುಲೆನ್ಸಿಗೆ 108. ತೋಟಕ್ಕೆ ದಾರಿ ಹೇಳುವುದು ಕಷ್ಟವಾದ್ದರಿಂದ ಗೇಟಿನ ಲೊಕೇಶನ್ನನ್ನು ಮನೆಯ ಎಲ್ಲರ ಫೋನಿನಲ್ಲೂ ಮೊದಲೇ ಉಳಿಸಿಡಿ.

ಪ್ರಸಂಗವನ್ನು ಹತ್ತು ಜನರೆದುರು ಯಾವಾಗ ಹೇಳಬಹುದೆಂಬುದನ್ನು ಹಿರಿಯರೇ ನಿರ್ಧರಿಸಲಿ. ಬೇಗ ಹೇಳಿದರೆ ಮುಂದಿನ ಅವಾಂತರವನ್ನು ಅವರು ಮುಚ್ಚಿಡುತ್ತಾರೆ, ಮುಚ್ಚಿಟ್ಟ ಗಾಯ ಕೀವಾಗುತ್ತದೆ. ತುಳಸಿಕಟ್ಟೆಯ ಕಥೆಯನ್ನು ದೊಡ್ಡಪ್ಪನವರು ಸಂಕ್ರಾಂತಿಯವರೆಗೆ ಯಾರಿಗೂ ಹೇಳಗೊಡಲಿಲ್ಲ. ಆಮೇಲೆ ತಾವೇ ಎಳ್ಳು ಬೀರಲು ಬಂದ ಮಕ್ಕಳಿಗೆ ಅಭಿನಯಸಹಿತ ಹೇಳಿದರು.

ಈ ವರ್ಷದ ಆಯುಧಪೂಜೆಗೆ ಏರ್ಪಾಡು ಬೇರೆಯಿತ್ತು. ಎಂಜಿನ್ ಆರಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಏರ್ ಫಿಲ್ಟರಿಗೆ ಕುಂಕುಮ ಹೋಗದಂತೆ ಬಟ್ಟೆ ಕಟ್ಟಿ, ನಾನೂ ತಮ್ಮನೂ ಹಿಂದಿನಿಂದ ಟಿಲ್ಲರನ್ನು ತಳ್ಳಿದೆವು. ದೊಡ್ಡಪ್ಪನವರು ಖಾಕಿ ಪ್ಯಾಂಟಿನ ಮೇಲೆ ಶಲ್ಯ ಹೊದ್ದು, ಬದಿಗೆ ನಿಂತು, ಎರಡು ನಿಂಬೆಹಣ್ಣುಗಳೂ ಪಚಕ್ಕೆಂದ ಕೂಡಲೇ “ಹೋ… ಹೋ…” ಎಂದರು. ಅವರ ಬಲಗೈ ಗಾಳಿಯಲ್ಲಿ ಕ್ಲಚ್ ಎಳೆಯಿತು.